ಎದುರು ವೈಸಿನ ಪೆಟ್ಟಿಗೆ

ಹಳೆಯ ಟೂಲ್ ಪೆಟ್ಟಿಗೆ ಕೊಳ್ಳುವವರು ಸಾಮಾನ್ಯವಾಗಿ ಬೀಗ ನೋಡುತ್ತಾರೆ, ಮರ ತೇಗವೋ ಹಲಸೋ ಎಂದು ಉಗುರಿನಲ್ಲಿ ಕೆರೆದು ನೋಡುತ್ತಾರೆ. ನಾನು ಮೊದಲು ನೋಡುತ್ತಿದ್ದದ್ದು ಮುಚ್ಚಳದ ಒಳಮೈ. ಫಿಟ್ಟರುಗಳು ಅಲ್ಲಿ ತಮ್ಮ ದೇವರ ಪಟ ಅಂಟಿಸಿಕೊಂಡಿರುತ್ತಾರೆ. ತಾವಾಗಿಯೇ ಮಾರಿದ ಪೆಟ್ಟಿಗೆಯಾದರೆ ಪಟವನ್ನು ಕಿತ್ತುಕೊಂಡು, ಅಂಟಿನ ಕಲೆಯನ್ನು ಮಾತ್ರ ಬಿಟ್ಟು ಕೊಟ್ಟಿರುತ್ತಾರೆ. ಪಟ ಹಾಗೇ ಇದ್ದರೆ ಪೆಟ್ಟಿಗೆ ಅದರ ಒಡೆಯನಿಗೆ ಗೊತ್ತಿಲ್ಲದೆ ಹೊರಬಿದ್ದಿದೆ ಎಂದೇ ಅರ್ಥ. ಅಂಥದ್ದನ್ನು ನಾನು ಅಂಗಡಿಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

ಆ ಸಲದ ಪೆಟ್ಟಿಗೆಗಳು ಬಂದಾಗ ನಾನು ಅಂಗಡಿಯಲ್ಲಿರಲಿಲ್ಲ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಲಗ್ಗೆರೆಯಿಂದ ಪೀಣ್ಯಕ್ಕೆ ಹೋಗುವ ದಾರಿಯಲ್ಲಿ ನಮ್ಮದೊಂದು ಗುಜರಿ ಅಂಗಡಿ. ತಕ್ಕಡಿ ನಮ್ಮ ಯಜಮಾನರದು, ಕೈಸಾಮಾನಿನ ವ್ಯಾಪಾರ ನನ್ನದು. ಅವರಿಗೆ ಕಬ್ಬಿಣವೆಲ್ಲ ಒಂದೇ. ಲೋಹ ಉಜ್ಜುವ ಒಳ್ಳೆಯ ಅರವನ್ನೂ ಮುರಿದ ಬಾಗಿಲ ಚಿಲಕವನ್ನೂ ಒಟ್ಟಿಗೆ ತೂಗಿ ಎಸೆಯುವ ಮಹಾನುಭಾವರು. ಯಾವುದು ಕೆಲಸಕ್ಕೆ ಬರುವ ಸಾಮಾನು, ಯಾವುದು ಬರೀ ಕಬ್ಬಿಣ ಎಂದು ಬೇರೆ ಮಾಡಿ, ಸೀಮೆಎಣ್ಣೆಯಲ್ಲಿ ನೆನೆಸಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿ, ಎಣ್ಣೆ ಸವರಿ ಇಡುವುದು ನನ್ನ ಪಾಲಿಗೆ ಬಂದಿತ್ತು. ಇದೇ ಜಾಗದಲ್ಲಿ ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಕಾಲದಲ್ಲಿ ಕಳೆ ಕಿತ್ತ ಕೈಗೆ ತುಕ್ಕು ಕೀಳುವುದು ಏನು ಮಹಾ ಎಂದು ಹೊಂದಿಕೊಂಡಿದ್ದೆ.

ಪೀಣ್ಯದ ಒಂದು ಕಾರ್ಖಾನೆ ಬಾಗಿಲು ಹಾಕಿ ವರ್ಷದ ಮೇಲಾಗಿತ್ತು. ಒಂದು ಬೆಳಿಗ್ಗೆ ಕೆಲಸಕ್ಕೆ ಬಂದವರಿಗೆ ಗೇಟಿನ ಮೇಲೆ ಲಾಕೌಟ್ ನೋಟೀಸು ಕಂಡಿತ್ತಂತೆ. ಹಿಂದಿನ ದಿನ ಬೆಂಚಿನ ಕೆಳಗೆ ಬಿಟ್ಟುಬಂದ ಪೆಟ್ಟಿಗೆಗಳು ಒಳಗೇ ಉಳಿದವು. ಟೂಲ್‌ರೂಮಿನಲ್ಲಿ ಯಂತ್ರಗಳು ಕಂಪನಿಯವು, ಕೈಸಾಮಾನು ಮಾತ್ರ ಫಿಟ್ಟರುಗಳ ಸ್ವಂತದ್ದು. ಸಂಬಳ ಬಂದಾಗ ಒಂದೊಂದೇ ಕೊಂಡು, ಕೆಲವನ್ನು ತಾವೇ ಮಾಡಿಕೊಂಡು, ಪ್ರತಿಯೊಂದರ ಮೇಲೂ ಪಂಚಿನಿಂದ ತಮ್ಮದೊಂದು ಗುರುತು, ಚುಕ್ಕಿಯೋ ಗೀಟೋ, ಹೊಡೆದುಕೊಂಡಿರುತ್ತಾರೆ. ಶೆಡ್ಡು ಖಾಲಿ ಮಾಡಿಸಿದ ಕಂಟ್ರಾಕ್ಟರಿಗೆ ಇದು ಗೊತ್ತಿಲ್ಲದೆ ಏನಿಲ್ಲ. ಆದರೂ ಪೆಟ್ಟಿಗೆಗಳನ್ನು ಗುಜರಿಯ ಜೊತೆ ಲಾರಿಗೆ ತುಂಬಿ ನಮ್ಮ ಅಂಗಳಕ್ಕೆ ತಂದು ಸುರಿದ. ಕಂಪನಿ ಸಾಮಾನು ಎಂದನಂತೆ. ನಮ್ಮವರು ತೂಗಿಕೊಂಡರು. ನಾನು ನೆಂಟರ ಮನೆಯಿಂದ ಬರುವಷ್ಟರಲ್ಲಿ ಬೀಗಗಳನ್ನೆಲ್ಲ ಒಡೆದೂ ಆಗಿತ್ತು.

ಮೊದಲನೆಯ ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಒಳಗೆ ಆಂಜನೇಯ. ಹಣೆಯ ಮೇಲೆ ಕುಂಕುಮ ಹಾಗೇ ಇತ್ತು, ಮೂಲೆಯಲ್ಲಿ ಆಯುಧಪೂಜೆಯ ಚೆಂಡುಹೂವು ಒಣಗಿ ಪುಡಿಯಾಗಿತ್ತು. ಎರಡನೆಯದರಲ್ಲಿ ವೆಂಕಟರಮಣ. ಇನ್ನೊಂದರಲ್ಲಿ ಯಾವುದೋ ದರ್ಗಾದ ಹಸಿರು ಪಟ, ಮತ್ತೊಂದರಲ್ಲಿ ಮೇರಿಮಾತೆ. ಬಾಚಣಿಗೆ, ಕೈಕನ್ನಡಿ, ಎಲೆಅಡಿಕೆಯ ಡಬ್ಬಿ.

ಹಿಂದುಗಡೆ ಗ್ರೈಂಡರ್ ಓಡುತ್ತಿತ್ತು. ಹಳೆಯ ಸಾಮಾನಿನ ಮೇಲೆ ಗುರುತು ಉಳಿದಿದ್ದರೆ ಕೊಳ್ಳುವವರು ಕಳ್ಳಮಾಲೇನೋ ಎಂದು ಹಿಂಜರಿಯುತ್ತಾರೆ. ಅದಕ್ಕೇ ತೇಯ್ದು ಮಾರುವುದು ನಮ್ಮ ಕಸುಬಿನ ರೂಢಿ. ಯಜಮಾನರು ಒಂದು ಸುತ್ತಿಗೆ ಹಿಡಿದು ಕೂತಿದ್ದರು, ಅದರ ಮೇಲಿನ ಚುಕ್ಕಿಗಳು ಅರ್ಧ ಹೋಗಿದ್ದವು. ನಾನು ಸ್ವಿಚ್ಚು ಆರಿಸಿದೆ.

"ಇವು ಬದುಕಿರೋರ ಸಾಮಾನು. ತೇಯ್ಬೇಡಿ" ಎಂದೆ.

ತೂಕಕ್ಕೆ ಬಂದದ್ದನ್ನು ವಾಪಸ್ಸು ಕೊಡುತ್ತಾ ಕೂತರೆ ಅಂಗಡಿಗೂ ಒಂದು ದಿನ ನೋಟೀಸು ಅಂಟಿಸಬೇಕಾಗುತ್ತದೆ ಎಂದು ಅವರು ರೇಗಿದರು. ಅಂಟಿಸಿ, ಗೋಂದು ನಾನೇ ತಂದುಕೊಡುತ್ತೇನೆ ಎಂದೆ. ಅವತ್ತು ಮಧ್ಯಾಹ್ನ ಅವರು ನನ್ನ ಜೊತೆ ಮಾತಾಡದೆ ಊಟ ಮಾಡಿದರು. ಆದರೆ ಗ್ರೈಂಡರಿನ ಹತ್ತಿರ ಹೋಗಲಿಲ್ಲ.

ಕಾರ್ಖಾನೆಯ ಗೇಟಿನೆದುರು ಕಾರ್ಮಿಕರ ಶಾಮಿಯಾನ ಇನ್ನೂ ಇತ್ತು, ಅದರ ಕೆಳಗೆ ಕೂರುವವರು ಕಡಿಮೆಯಾಗಿದ್ದರು ಅಷ್ಟೆ. ನಾನು ಹೋಗಿ ಹೇಳಿದೆ: ಪೆಟ್ಟಿಗೆಗಳು ನನ್ನ ಅಂಗಳದಲ್ಲಿವೆ, ಬೀಗ ಒಡೆದಿರುವುದರಿಂದ ಬೀಗದಕೈ ತಂದು ಉಪಯೋಗವಿಲ್ಲ. ಮುಚ್ಚಳ ಮುಚ್ಚಿಟ್ಟಿರುತ್ತೇನೆ. ಒಳಗೆ ಏನೇನಿದೆ, ಯಾವುದು ಎಲ್ಲಿದೆ ಎಂದು ತೆಗೆಯದೆ ಹೇಳಿದವರು ಒಯ್ಯಬಹುದು. ತೂಕದ ಲೆಕ್ಕದಲ್ಲಿ ನಾವು ಕೊಟ್ಟ ದುಡ್ಡನ್ನು ಆದಾಗ ಕೊಡಿ.

ಬಂದರು. ಎಷ್ಟು ಚೆನ್ನಾಗಿ ಹೇಳಿದರು ಅಂತೀರಿ! ಮಕ್ಕಳು ಮಗ್ಗಿ ಒಪ್ಪಿಸುವ ಹಾಗೆ, ಕೈಕಟ್ಟಿ ನಿಂತು, ಮೇಲಿನ ತಟ್ಟೆಯಿಂದ ಕೆಳಗಿನ ತಟ್ಟೆಯವರೆಗೆ. ಯಾವ ಅರದ ಹಿಡಿ ಸೀಳಿದೆ, ಯಾವ ಉಳಿಯ ಮೂತಿ ಮೊಂಡಾಗಿದೆ, ಎಲ್ಲ. ಒಬ್ಬರು ಸಾಮಾನನ್ನೆಲ್ಲ ಹೇಳಿ ಹೆಂಡತಿಯ ಫೋಟೋ ಒಂದನ್ನು ಮರೆತಿದ್ದರು. ನಾನು ತಟ್ಟೆಯಡಿಯಿಂದ ಅದನ್ನು ತೆಗೆದು ತೋರಿಸಿದಾಗ ಎಲ್ಲರೂ ನಕ್ಕರು. ನಮ್ಮ ಯಜಮಾನರೂ ನಕ್ಕರು, ಪೆಟ್ಟಿಗೆಯ ಒಂದು ಕಡೆ ಹಿಡಿದು ಸೈಕಲ್ಲಿಗೆ ಏರಿಸಿಕೊಟ್ಟರು.

ಖಾಲಿ ಪೆಟ್ಟಿಗೆಗಳ ಹತ್ತಿರ ಬಂದಾಗ ಮಾತ್ರ ಯಾರೂ ನಗುತ್ತಿರಲಿಲ್ಲ. ಬೆಲೆಬಾಳುವ ಅಳತೆ ಸಾಮಾನಿದ್ದ ಕೆಲವನ್ನು ಕಂಟ್ರಾಕ್ಟರು ಮೊದಲೇ ಒಡೆದು, ಒಳಗಿನದನ್ನೆಲ್ಲ ಸಿಟಿಗೆ ಸಾಗಿಸಿ, ಬರೀ ಮರವನ್ನು ನಮಗೆ ತಂದು ಹಾಕಿದ್ದ. ಅಂಥ ಒಂದು ಖಾಲಿ ಪೆಟ್ಟಿಗೆಯ ಮುಂದೆ ಒಬ್ಬ ಕಿರಿಯ ಫಿಟ್ಟರು ಕುಕ್ಕರುಗಾಲಿನಲ್ಲಿ ಕೂತ. ಮದುವೆಯಾಗಿ ಬಹಳ ದಿನವಾಗಿರಲಿಲ್ಲ, ಲಗ್ಗೆರೆಯ ಒಂದು ವಠಾರದಲ್ಲಿ ಬಾಡಿಗೆಗಿದ್ದ. ಕಣ್ಣಿಗೆ ಕಾಣುವ ಹಾಗೆ ಖಾಲಿಯಿದ್ದರೂ ಒಳಗೆ ಕೈಹಾಕಿ ಮೂಲೆಮೂಲೆ ತಡವಿದ. ಆಮೇಲೆ ಮುಚ್ಚಳದಲ್ಲಿದ್ದ ಮುನೇಶ್ವರನ ಪಟವನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಹರಿಯದ ಹಾಗೆ ಕಿತ್ತು, ಜೇಬಿನಲ್ಲಿಟ್ಟುಕೊಂಡು ಹೋದ.

ಮಾರನೆಯ ದಿನ ಬೆಳಿಗ್ಗೆ ಮತ್ತೆ ಬಂದ. ಆಂಜನೇಯನ ಪೆಟ್ಟಿಗೆ ತೋರಿಸಿ, ಇದನ್ನು ಹೇಳುತ್ತೇನೆ ಎಂದ. ನೆನ್ನೆ ಖಾಲಿ ಪೆಟ್ಟಿಗೆಯಿಂದ ಪಟ ಕಿತ್ತುಕೊಂಡು ಹೋದವನು ನೀನಲ್ಲವೇ ಎಂದು ಬಾಯಿಗೆ ಬಂತು. ಹೇಳಲಿ, ನೋಡೋಣ ಎಂದು ಸುಮ್ಮನಾದೆ. ಹೇಳಿದ. ಮೇಲಿನ ತಟ್ಟೆಯ ಬಲಗಡೆ ಮೂಲೆಮಟ್ಟ ನೋಡುವ ಟ್ರೈಸ್ಕ್ವೇರ್, ಎಡಗಡೆ ಡಿವೈಡರ್, ನಡುವೆ ಸಣ್ಣ ಅರಗಳು. ಕೆಳಗಿನದರಲ್ಲಿ ಬಲಕ್ಕೆ ಕೂದಲೆಳೆ ಅಳೆಯುವ ವರ್ನಿಯರ್, ಎಡಕ್ಕೆ ಲೋಹ ಹೆರೆಯುವ, ಬಟ್ಟೆ ಸುತ್ತಿದ ಹಿಡಿಯ ಸ್ಕ್ರೇಪರ್. ಗುರುತು ಮೂರು ಚುಕ್ಕಿ. ನಾನು ಮುಚ್ಚಳ ಎತ್ತಿ ನೋಡಿದೆ. ಒಂದೂ ತಪ್ಪಿರಲಿಲ್ಲ, ಆದರೆ ಎಲ್ಲವೂ ಅದಲುಬದಲಾಗಿತ್ತು. ಅವನು ಬಲ ಎಂದದ್ದೆಲ್ಲ ಎಡಕ್ಕಿತ್ತು, ಎಡ ಎಂದದ್ದೆಲ್ಲ ಬಲಕ್ಕಿತ್ತು.

"ಇದು ನಿಂದಲ್ಲ" ಎಂದೆ.

"ಅಲ್ಲ ಅಕ್ಕ. ಎದುರು ವೈಸಲ್ಲಿದ್ದ ಅಣ್ಣಂದು" ಎಂದ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮುಖ.

ಆಮೇಲೆ ಎಲ್ಲ ಹೇಳಿದ. ಒಂದೇ ಬೆಂಚು, ಸಾಮಾನು ಕಚ್ಚಿ ಹಿಡಿಯುವ ಎರಡು ವೈಸು, ಎದುರುಬದುರು ನಿಂತು ಕೆಲಸ. ಆ ಕಡೆ ಒಬ್ಬ ಹಿರಿಯ ಫಿಟ್ಟರು, ಈ ಕಡೆ ಇವನು. ಹಿರಿಯರು ಬೆಳಿಗ್ಗೆ ಬಂದವರೇ ತಮ್ಮ ಪೆಟ್ಟಿಗೆಯ ತಟ್ಟೆಗಳನ್ನು ಎತ್ತಿ ಬೆಂಚಿನ ನಡುವೆ ಇಡುತ್ತಿದ್ದರು. ಇವನು ಕೈಚಾಚಿ ಬೇಕಾದ್ದನ್ನು ತೆಗೆದುಕೊಳ್ಳಬಹುದು, ಕೇಳಬೇಕಾಗಿಲ್ಲ. ಸಂಜೆ ಸೈರನ್ ಆಗುವ ಮೊದಲು ಒರೆಸಿ ಅದರ ಜಾಗಕ್ಕೆ ಇಡಬೇಕು, ಅಷ್ಟೇ ಕಟ್ಟಳೆ. ವರ್ಷಗಟ್ಟಲೆ ಇವನು ಆ ತಟ್ಟೆಗಳನ್ನು ಎದುರುಗಡೆಯಿಂದಲೇ ನೋಡಿದ್ದ. ಕೆಲಸ ಕಲಿತದ್ದೂ ಅವರ ಸಾಮಾನಿನಲ್ಲೇ.

ಈಗ ಪೀಣ್ಯದಲ್ಲಿ ಅಚ್ಚು ಮಾಡುವ ಒಂದು ಸಣ್ಣ ಡೈ ವರ್ಕ್‌ಶಾಪಿನಲ್ಲಿ ಕೆಲಸ ಸಿಕ್ಕಿದೆ, ಸ್ವಂತ ಪೆಟ್ಟಿಗೆ ಇರುವ ಫಿಟ್ಟರೇ ಬೇಕು ಎಂದಿದ್ದಾರೆ, ಹೆಂಡತಿಗೆ ಏಳು ತಿಂಗಳು ಎಂದ. ಹಿರಿಯರು ಎಲ್ಲಿ ಎಂದು ಕೇಳಿದೆ. ಬೇಗೂರಿನ ತಂಗಿಯ ಮನೆ ಸೇರಿದ್ದಾರೆ, ಕಣ್ಣು ಮಂಜಾಗಿದೆ ಎಂದು ಶಾಮಿಯಾನದಲ್ಲಿ ಯಾರೋ ಹೇಳುತ್ತಿದ್ದರು, ಬಹಳ ದಿನದಿಂದ ಯಾರೂ ನೋಡಿಲ್ಲ ಎಂದ.

"ಅವ್ರು ಬಂದ್ರೆ?"

"ಬಂದ ದಿನ ಕೈಲಿರೋ ಕೆಲ್ಸ ಬಿಟ್ಟು ಕೊಟ್ಬಿಡ್ತೀನಿ ಅಕ್ಕ."

ನನ್ನ ಅಂಗಳದಲ್ಲಿ ಬಿದ್ದಿದ್ದರೆ ಅದು ತುಕ್ಕು ಹಿಡಿಯುತ್ತದೆ, ಇವನ ಕೈಯಲ್ಲಿದ್ದರೆ ಎಣ್ಣೆ ಕಾಣುತ್ತದೆ. ಹಾಗೆಂದುಕೊಂಡು ಕೊಟ್ಟೆ. ಅವತ್ತೇ ಬೇಗೂರಿನ ಕಡೆ ಹೋಗುವವರೊಬ್ಬರ ಕೈಲಿ, ಪೆಟ್ಟಿಗೆ ಸಿಕ್ಕಿದೆ, ಅಂಗಡಿಗೆ ಬನ್ನಿ ಎಂದು ಹಿರಿಯರಿಗೆ ಹೇಳಿಕಳಿಸಿದೆ. ಪೆಟ್ಟಿಗೆ ಹೊತ್ತು ಹೋಗುವಾಗ ಅವನು ಹೆಗಲ ಮೇಲೆ ಟವೆಲು ಮಡಿಸಿ ಹಾಕಿಕೊಂಡಿದ್ದ, ಹೆಗಲಿಗೆ ನೋವಾಗದಿರಲಿ ಎಂದಲ್ಲ, ಮರಕ್ಕೆ ಬೆವರು ತಾಗದಿರಲಿ ಎಂದು.

ಹಿರಿಯ ಫಿಟ್ಟರು ಬಂದಾಗ ಉಳಿದ ಪೆಟ್ಟಿಗೆಗಳೆಲ್ಲ ಹೋಗಿದ್ದವು. ತೆಳ್ಳನೆಯ ಮನುಷ್ಯ, ಇಸ್ತ್ರಿ ಮಾಡಿದ ಖಾಕಿ ಅಂಗಿ. ಸುದ್ದಿ ಸಿಕ್ಕ ಮೇಲೆ ಮೊದಲು ಒಂದು ಕಡೆ ಕೆಲಸ ಕೇಳಿಕೊಂಡೇ ಬಂದಿದ್ದರು. ವೈಟ್‌ಫೀಲ್ಡಿನ ಕಡೆ ಒಂದು ಟೂಲ್‌ರೂಮಿನವರು, ಪೆಟ್ಟಿಗೆ ತಂದು ಕೆಲಸ ತೋರಿಸಿ ಎಂದಿದ್ದರಂತೆ. ನಾನು ಬಾಯಿ ತೆಗೆಯುವ ಮೊದಲೇ ಅವರು ಒಪ್ಪಿಸಲು ಶುರುಮಾಡಿದರು. ಎಡಗಡೆ ಟ್ರೈಸ್ಕ್ವೇರ್, ಬಲಗಡೆ ಡಿವೈಡರ್. ಕೇಳುತ್ತಾ ನಿಂತ ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಪೆಟ್ಟಿಗೆ ಯಾರ ಹತ್ತಿರ ಇದೆ ಎಂದು ಹೇಳಿದೆ. "ಚೆನ್ನಾಗವ್ನಾ?" ಎಂದು ಕೇಳಿದರು.

ಇಬ್ಬರೂ ನಡೆದುಕೊಂಡೇ ಆ ವರ್ಕ್‌ಶಾಪಿಗೆ ಹೋದೆವು. ಶಟರ್ ಅರ್ಧ ಎತ್ತಿತ್ತು. ಅವನು ವೈಸಿನ ಮುಂದೆ ಬಗ್ಗಿ ಅರ ಹೊಡೆಯುತ್ತಿದ್ದ, ಪಕ್ಕದಲ್ಲಿ ಹಳೆಯ ಅಭ್ಯಾಸದಂತೆ ಹಿಂದುಮುಂದಾಗಿ ತಿರುಗಿಸಿಟ್ಟ ತಟ್ಟೆಗಳು. ತಲೆಯೆತ್ತಿ ಹಿರಿಯರನ್ನು ಕಂಡ. ಮುಖದಲ್ಲಿ ಮೊದಲು ಖುಷಿ ಬಂತು, ಅದು ನಿಜ. ಆಮೇಲೆ ನನ್ನನ್ನು ಕಂಡ, ಯಾಕೆ ಬಂದಿದ್ದೇವೆಂದು ತಿಳಿಯಿತು.

"ನಂಗೂ ಬಾ ಅಂದವ್ರೆ ಮಗಾ. ಏನ್ ಮಾಡ್ಲಿ ಹೇಳು" ಎಂದರು ಹಿರಿಯರು.

"ನಿಮ್ದನ್ನ ನೀವು ತಗೊಳ್ಳೋದಕ್ಕೆ ನನ್ನ ಕೇಳ್ತೀರಾ ಅಣ್ಣ" ಎಂದ.

ವೈಸಿನಲ್ಲಿದ್ದ ಕೆಲಸವನ್ನು ಹಾಗೇ ಬಿಟ್ಟ. ತಂತಿ ಬ್ರಶ್ಶಿನಿಂದ ಅರದ ಹಲ್ಲಿನ ಪುಡಿ ತೆಗೆದ. ಟ್ರೈಸ್ಕ್ವೇರನ್ನು ಎಣ್ಣೆ ಬಟ್ಟೆಯಿಂದ ಒರೆಸಿದ, ಸ್ಕ್ರೇಪರಿನ ಬಟ್ಟೆ ಬಿಚ್ಚಿಕೊಂಡಿದ್ದನ್ನು ಬಿಗಿಯಾಗಿ ಸುತ್ತಿದ. ಒಂದೊಂದನ್ನೂ ಅದರ ಜಾಗಕ್ಕೆ ಇಟ್ಟು, ತಟ್ಟೆ ಇಳಿಸಿ, ಮುಚ್ಚಳ ಹಾಕಿದ. ಸೈರನ್ನಿಗೆ ಮೊದಲು ಮಾಡುತ್ತಿದ್ದದ್ದನ್ನೇ ಮಾಡಿದ, ಅಷ್ಟೆ. ವರ್ಕ್‌ಶಾಪಿನ ಮಾಲೀಕ ಕೆಟ್ಟವನೇನಲ್ಲ. ಸಾಮಾನು ಹೊಂದಿಸಿಕೊಂಡು ಬಾ, ಜಾಗ ಇದ್ದರೆ ಕೊಡುತ್ತೇನೆ ಎಂದ. ನಾನು ಅಲ್ಲೇ ನಿಂತು, ಒಂದು ಜೊತೆ ಸಾಮಾನು ಹೊಂದಿಸುವ ಭಾರ ನನ್ನದು ಎಂದೆ. ಕಿರಿಯ ಫಿಟ್ಟರು ತಲೆಯಾಡಿಸಿ, ಹೆಗಲಿಗೆ ಅಂಗಿ ಹಾಕಿಕೊಂಡು ಲಗ್ಗೆರೆಯ ಕಡೆ ನಡೆದ. ಹಿರಿಯರು ಪೆಟ್ಟಿಗೆ ಹೊತ್ತು ಬಸ್ ಸ್ಟಾಪಿನ ಕಡೆ. ನಾನು ಎರಡು ಕಡೆಯೂ ನೋಡುತ್ತಾ ನಡುವೆ ನಿಂತಿದ್ದೆ.

ಸುತ್ತಿಗೆ, ಉಳಿ, ಗರಗಸ ನನ್ನ ರಾಶಿಯಲ್ಲೇ ಸಿಕ್ಕವು. ಕಷ್ಟವಾದದ್ದು ಅಳತೆ ಸಾಮಾನು. ಅದಿಲ್ಲದೆ ಡೈ ಕೆಲಸ ಇಲ್ಲ. ಭಾನುವಾರ ಬಂದರೆ ಸಿಟಿಯ ಹಳೇ ಸಾಮಾನಿನ ಸಂತೆಗೆ ಹೋಗುತ್ತಿದ್ದೆ. ಟ್ರೈಸ್ಕ್ವೇರ್ ನೋಡುವ ಕ್ರಮ ಹೀಗೆ: ನೇರ ಅಂಚಿರುವ ಹಲಗೆಗೆ ಆನಿಸಿ ಒಂದು ಗೀಟು ಎಳೆಯಬೇಕು, ಮಗುಚಿ ಹಾಕಿ ಅದೇ ಜಾಗದಿಂದ ಇನ್ನೊಂದು. ಎರಡೂ ಒಂದೇ ಗೀಟಾಗಿ ಕೂತರೆ ಸಾಮಾನು ಸರಿ, ಕತ್ತರಿಯ ಹಾಗೆ ಬಿಟ್ಟುಕೊಂಡರೆ ಯಾರೋ ಕೆಡವಿದ್ದಾರೆ. ನಾನು ನೋಡಿದವೆಲ್ಲ ಬಿಟ್ಟುಕೊಂಡವು. ವರ್ನಿಯರಿನ ದವಡೆ ಮುಚ್ಚಿ ಆಕಾಶಕ್ಕೆ ಹಿಡಿದರೆ ನಡುವೆ ಬೆಳಕು ಕಾಣಬಾರದು. ಕಾಣುತ್ತಿತ್ತು. ಹಾಳಾದದ್ದು ಒಂದಾದರೂ ನೆಟ್ಟಗಿರಬಾರದೇ ಎಂದು ಬೈದುಕೊಂಡು ಬಸ್ಸು ಹತ್ತುತ್ತಿದ್ದೆ. ಯಜಮಾನರು ಆಗಲೇ ಅಂದರು, ಏನಾದರೂ ಒಂದು ಕೊಟ್ಟುಬಿಡೇ, ಪಾಪ ಎಂದು. ಸೊಟ್ಟ ಸಾಮಾನು ಕೊಟ್ಟು ಅವನು ಮಾಡಿದ ಡೈ ಸೊಟ್ಟವಾದರೆ ಇರುವ ಹೆಸರೂ ಹೋಗುತ್ತದೆ ಎಂದು ನಾನು ಒಪ್ಪಲಿಲ್ಲ. ಕೊನೆಗೆ ಒಂದು ಟ್ರೈಸ್ಕ್ವೇರ್ ಸಿಕ್ಕಿತು. ವರ್ನಿಯರ್ ಇನ್ನೂ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಹಿರಿಯರು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಅಂಗಡಿಗೆ ಬಂದರು. ಜಗುಲಿಯ ಮೇಲಿಟ್ಟು ನೀರು ಕೇಳಿದರು. ವೈಟ್‌ಫೀಲ್ಡಿನವರು ಕೈಗೆ ವರ್ನಿಯರ್ ಕೊಟ್ಟು ಅಳತೆ ಓದಿ ಎಂದರಂತೆ. ತೋಳು ಪೂರಾ ಚಾಚಿದರೂ ಗೀಟುಗಳು ಬೇರೆಬೇರೆ ಕಾಣಲಿಲ್ಲ. ಇನ್ನೂ ಒಂದೆರಡು ಕಡೆ ಹೋದರು, ಅಲ್ಲೂ ಅದೇ. ಹೇಳುವಾಗ ಅವರ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ.

ನಾನು ಪೆಟ್ಟಿಗೆಯ ಮುಚ್ಚಳ ಎತ್ತಿದೆ. ಆಂಜನೇಯ ಇರಲಿಲ್ಲ. ಅಂಟಿನ ಕಲೆ ಮಾತ್ರ ಚೌಕವಾಗಿ ಉಳಿದಿತ್ತು. ಅದನ್ನು ನೋಡಿ ನನಗೆ ಅಳು ತಡೆಯಲಾಗಲಿಲ್ಲ, ಅವರೆದುರೇ ಸೆರಗಿನಲ್ಲಿ ಕಣ್ಣು ಒರೆಸಿಕೊಂಡೆ.

"ಮಾರಕ್ಕಲ್ಲ ಕಣಮ್ಮ. ಅವನಿಗೆ ಕೊಡಕ್ಕೆ ಬಂದೆ. ಮನೆ ತೋರ್ಸು" ಎಂದರು.

ಸೈಕಲ್ಲಿನ ಹಿಂದೆ ಪೆಟ್ಟಿಗೆ ಕಟ್ಟಿ ತಳ್ಳಿಕೊಂಡು ಹೋದೆವು. ದಾರಿಯುದ್ದಕ್ಕೂ ಅವರು ಹಗುರಾಗಿ ಮಾತಾಡಿದರು. ಅವನು ಕಲಿಯುವಾಗ ಮೊದಲ ಸಲ ಸ್ಕ್ರೇಪರ್ ಹಿಡಿದು ಅಂಗೈ ಸುಲಿದುಕೊಂಡಿದ್ದು, ಅದಕ್ಕೇ ತಾವು ಹಿಡಿಗೆ ಬಟ್ಟೆ ಸುತ್ತಿದ್ದು. ತಮಗೆ ಆ ಬಟ್ಟೆ ಬೇಕಾಗಿಯೇ ಇರಲಿಲ್ಲವಂತೆ.

ವಠಾರದ ಬಾಗಿಲು ತೆಗೆದವಳು ಅವನ ಹೆಂಡತಿ, ತುಂಬಿದ ಬಸುರಿ. ನಮ್ಮ ಹಿಂದಿದ್ದ ಪೆಟ್ಟಿಗೆ ಕಂಡು ಮುಖ ಆ ಕಡೆ ತಿರುಗಿಸಿದಳು. ಅವನು ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ. ಬಲಗೈಗೆ ಮಣಿಕಟ್ಟಿನವರೆಗೂ ಬ್ಯಾಂಡೇಜು. ಎಷ್ಟು ದಿನ ಕಾಯುವುದು ಎಂದು ಹತ್ತಿರದ ಒಂದು ಪ್ರೆಸ್ ಶಾಪಿಗೆ ಸೇರಿಕೊಂಡಿದ್ದನಂತೆ. ಪವರ್ ಪ್ರೆಸ್ಸಿಗೆ ಸ್ವಂತ ಸಾಮಾನು ಬೇಕಾಗಿಲ್ಲ, ಎರಡು ಕೈ ಇದ್ದರೆ ಸಾಕು. ತಗಡು ಸರಿಪಡಿಸಲು ಕೈ ಒಳಗಿಟ್ಟಾಗ ಪ್ರೆಸ್ಸು ಇಳಿದಿತ್ತು.

"ಹೆಬ್ಬೆಟ್ಟು, ಕಿರುಬೆರಳು ಉಳಿದವೆ ಅಕ್ಕ" ಎಂದಳು ಅವಳು, ನನಗೆ ಸಮಾಧಾನ ಹೇಳುವ ಹಾಗೆ.

ನಾನು ಅಲ್ಲೇ ಹೊಸ್ತಿಲ ಹತ್ತಿರ ಕೂತುಬಿಟ್ಟೆ. ನನ್ನ ಚೀಲದಲ್ಲಿ ಆ ಟ್ರೈಸ್ಕ್ವೇರ್ ಇತ್ತು, ಹೊರಗೆ ತೆಗೆಯಲಿಲ್ಲ.

ಹಿರಿಯರು ಪೆಟ್ಟಿಗೆಯನ್ನು ಚಾಪೆಯ ಮೇಲಿಟ್ಟರು, ತಟ್ಟೆಗಳನ್ನು ಎತ್ತಿ ಹೊರಗಿಟ್ಟರು. ಹಾಗಿಟ್ಟವರು ಏನೋ ನೆನಪಾದಂತೆ, ಎರಡನ್ನೂ ತಿರುಗಿಸಿ ಅವನ ಕಡೆಗೆ ಮುಖಮಾಡಿ ಇಟ್ಟರು.

"ಇನ್ನು ಇದು ನಿಂದು ಕಣೋ" ಎಂದರು.

ಅವನು ತುಂಬ ಹೊತ್ತು ನೋಡಿದ. ಎಡಗೈ ಚಾಚಿದ. ಟ್ರೈಸ್ಕ್ವೇರಿಗೆಂದು ಬಲಗಡೆಗೆ ಹೋದ ಕೈಗೆ ಡಿವೈಡರ್ ಸಿಕ್ಕಿತು. ಕೈ ಹಿಂದಕ್ಕೆ ತಗೊಂಡ.

"ತಿರುಗ್ಸಿ ಅಣ್ಣ. ಮೊದ್ಲು ಇಡ್ತಿದ್ದಂಗೇ ಇಡಿ. ಈ ಕಡೆಯಿಂದ ನಂಗೆ ಒಂದೂ ಗೊತ್ತಾಗ್ತಿಲ್ಲ" ಎಂದ.

ಹಿರಿಯರು ತಟ್ಟೆಗಳನ್ನು ಒಂದೊಂದಾಗಿ ತಿರುಗಿಸಿ ತಮ್ಮ ಕಡೆಗೆ ಮುಖಮಾಡಿ ಇಟ್ಟು, ಅವನೆದುರು ಕೂತರು. ಅವನು ಎಡಗೈಯಿಂದ ಟ್ರೈಸ್ಕ್ವೇರ್ ತೆಗೆದ, ಉಟ್ಟ ಲುಂಗಿಯ ಅಂಚಿಗೆ ಎರಡೂ ಕಡೆ ಒರೆಸಿದ, ಮತ್ತೆ ಅದರ ಜಾಗಕ್ಕೆ ಇಟ್ಟ.